ಲಗಮಣ್ಣನ ಹೆಸರು ಎರಡು ಸಲ

2004ರಲ್ಲಿ ರಾಮದುರ್ಗದ ಕಣ್ಣಿನ ಶಿಬಿರದ ಪಟ್ಟಿಯಿಂದ ಗುರುಬಸವ್ವನ ಹೆಸರು ಮಾಯವಾಯಿತು. ಅವಳ ಹಿಂದೆ ನಿಂತಿದ್ದ ಲಗಮಣ್ಣನ ಹೆಸರು ಮಾತ್ರ ಎರಡು ಸಲ ಬಿದ್ದಿತ್ತು. ಮುದುಕಿಯ ಶಸ್ತ್ರಚಿಕಿತ್ಸೆ ತಪ್ಪಿತು. ಹೆಸರು ದಾಖಲಿಸುವ ಪ್ರೋಗ್ರಾಂ ಬರೆದವಳು ಶಿಬಿರದಲ್ಲಿ ಕೆಲಸಕ್ಕಿದ್ದ ಶೈಲಜಾ. ಬೇಕಾದವರ ಹೆಸರು ತುರುಕಿದಳೆಂದು ಸಂಜೆಯೇ ಅವಳನ್ನು ಕೆಲಸದಿಂದ ಹೊರಗೆ ಹಾಕಿದರು.

ಮರುದಿನ ಅವಳು ಅಳುತ್ತ ಬಂದದ್ದು ಕೃಷ್ಣವ್ವ ಅಕ್ಕೋರ ಮನೆಗೆ. ನಿವೃತ್ತ ಗಣಿತ ಶಿಕ್ಷಕಿಯಾದ ಅಕ್ಕೋರು ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದರು, ಊರಿನ ಕಳವುಗಳನ್ನೂ ಪತ್ತೆ ಮಾಡುತ್ತಿದ್ದರು. ಜೊತೆಗೆ ತಿರುಗಿ ಬೈಸಿಕೊಳ್ಳುವುದು ಈ ವೀರಪ್ಪನ, ಅಂದರೆ ನನ್ನ, ಪಾಲು.

“ನಾ ಏನೂ ತಿದ್ದಿಲ್ರಿ ಅಕ್ಕೋರ. ಯಾರೂ ನಂಬವಲ್ರು,” ಎಂದಳು ಶೈಲಜಾ.

ಮೂವರೂ ಶಿಬಿರಕ್ಕೆ ಹೋದೆವು. ಹೆಸರು ಬರೆಸಲು ನಿಂತವರ ಪಾಳಿ ಸರಿಯುತ್ತಲೇ ಇರಲಿಲ್ಲ. ನಾನು ಗೊಣಗಿದೆ.

“ಮೊನ್ನೆನೂ ಹಿಂಗ ಇತ್ರಿ. ನಿನ್ನಿ ಒಂದ ದಿನ ಲಗೂ ಲಗೂ ಸರೀತು,” ಎಂದರು ಶಿಬಿರದ ಮುಖ್ಯಸ್ಥ ಶಟ್ಟೆಪ್ಪ.

ಶೈಲಜಾಳ ಜೊತೆಯೇ ಅಕ್ಕೋರ ಬಳಿ ಸಿ ಕಲಿತು ಅಲ್ಲೇ ಕೆಲಸಕ್ಕಿದ್ದ ಸದಾಶಿವ ಕಂಪ್ಯೂಟರ್ ತೋರಿಸಿದ. ಅಕ್ಕೋರು ಅರ್ಧ ಗಂಟೆ ನೋಡಿ ಎಲ್ಲರನ್ನೂ ಕರೆಸಿದರು.

“ಹೆಸರು ಯಾರೂ ಅಳಿಸಿಲ್ಲ. ಕೌಂಟರಿಗೊಂದು ಥ್ರೆಡ್ ಐತಿ, ಪ್ರೋಗ್ರಾಮಿನೊಳಗ ಒಬ್ಬ ಆಳು ಇದ್ದಂಗ. ಅದು ಹೆಸರನ್ನ ಮೆಮೊರಿಯೊಳಗ ಒಂದು ಜಾಗಾದಾಗ ಇಟ್ಟು, ಫೈಲಿಗೆ ಬರಿ ಅಂತ ಸಿಸ್ಟಮಿಗೆ ಹೇಳತೈತಿ. ಸಿಸ್ಟಮ್ ತಕ್ಷಣ ಸೊನ್ನಿ ಕೊಡತೈತಿ. ಸೊನ್ನಿ ಅಂದ್ರ ‘ಆತು’. ವೀರಪ್ಪ, ಚಾ ತರ್ರಿ.”

“ಆತ್ರಿ,” ಎಂದೆ.

“ಚಾ ಬಂತೇನು?”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂದರೂ ವಿಷಯ ತಿಳಿಯಿತು.

“ಒಪ್ಪಿಕೊಂಡೈತಿ, ಮುಗಿಸಿಲ್ಲ. ಮುಗಿಯೂತನಕ ಆ ಜಾಗಾ ಮುಟ್ಟಬಾರದು ಅಂತ ಶೈಲಜಾ ಪ್ರೋಗ್ರಾಮಿನಾಗ ಕಾಯೂ ಸಾಲು ಒಂದು ಬರದಿದ್ಲು. ಅದನ್ನ ತಗದ್ರ ಪಾಳಿ ಓಡತೈತಿ. ಆದ್ರ ಒಮ್ಮೊಮ್ಮೆ ಬರಿಯೂದು ತಡಾ ಆದ್ರ, ಗುರುಬಸವ್ವನ ಹೆಸರು ಬರಿಯೂಕಿಂತ ಮೊದಲ ಅದ ಜಾಗಾಕ್ಕ ಲಗಮಣ್ಣ ಬಂದು ಕುಂದರತಾನ. ಎರಡೂ ಸಲ ಅವನ ಹೆಸರ ಬೀಳತೈತಿ.”

“ತಗದವರು ಯಾರ್ರಿ?” ಶಟ್ಟೆಪ್ಪ ಕೇಳಿದರು.

“ಇವತ್ತು ಪಾಳಿ ಮತ್ತ ನಿಧಾನ ಐತಿ. ಮುಂಜಾನೆ ಏಳಕ್ಕ ಯಾರೋ ಆ ಸಾಲು ತಿರುಗಿ ಹಾಕ್ಯಾರ, ಪ್ರೋಗ್ರಾಮಿನ ಫೈಲಿನ ಮ್ಯಾಲೆ ತಿದ್ದಿದ ವ್ಯಾಳ್ಯಾ ಐತಿ. ಶೈಲಜಾ ಹೊರಗಿದ್ಲು. ಒಳಗ ಸಿ ಬಲ್ಲವ ಒಬ್ಬನ.”

ಸದಾಶಿವ ತಲೆ ತಗ್ಗಿಸಿದ. “ಪಾಳಿ ಲಗೂ ಸರಿದ್ರ ಸಾಹೇಬ್ರು ಶಾಬಾಸ್ ಅಂತಾರ ಅಂತ ತಗದ್ನಿ. ಆತು ಅಂದ್ರ ಮುಗೀತು ಅಂತ ತಿಳದಿದ್ನಿರಿ.”

“ಅದು ತಪ್ಪು ತಿಳುವಳಿಕಿ. ಗೊತ್ತಾದ ಮ್ಯಾಲೆ ಅಕಿನ್ನ ಹೊರಗ ಹಾಕಾಗ ಸುಮ್ನ ನಿಂತಿದ್ದು?”

ಸದಾಶಿವ ಶೈಲಜಾಳತ್ತ ತಿರುಗಿ, “ತಪ್ಪಾತು ತಂಗಿ,” ಎಂದ.

ನಾಲ್ಕು ವರ್ಷ ಅವನನ್ನು ‘ಅಣ್ಣಾ, ನೀ’ ಎಂದೇ ಮಾತಾಡಿಸಿದವಳು ಅವಳು. ಶಟ್ಟೆಪ್ಪ ಶೈಲಜಾಳಿಗೆ ಕಂಪ್ಯೂಟರ್ ಮುಂದಿನ ಕುರ್ಚಿ ತೋರಿಸಿ ಮತ್ತೆ ಕೆಲಸಕ್ಕೆ ಕೂರುವಂತೆ ಹೇಳಿದರು. ಅವಳು ಕಣ್ಣೊರೆಸಿಕೊಂಡು ಮುಂದೆ ಬಂದಳು.

“ಜರಾ ಸರೀರಿ, ಸದಾಶಿವ ಅವರ. ಗುರುಬಸವ್ವನ ಹೆಸರು ಬರಕೋಬೇಕು.”