ಮಂತ್ರಿಗಳ ಹರಟೆ ಕದ್ದವರಾರು?

ಪತ್ತೇದಾರಿ ಕತೆ ಹೇಳುವ ಜಾಣತನ ನನಗಿಲ್ಲ. ಎಡವಿದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಂಜೆ ಅಚ್ಚಿಗೆ ಹೋಗಬೇಕಿದ್ದ, ಮಂತ್ರಿಗಳು ಬರೆದ ಹೊಸ ನಗೆಹರಟೆ ಮೇಜಿನ ಮೇಲಿಂದ ಮಾಯವಾಗಿತ್ತು.

"ಊಟದೊಳಗೆ ಸಿಗದಿದ್ರೆ ನಾಳೆಯಿಂದ ಬರಬೇಡ," ಎಂದರು ಮಂತ್ರಿಗಳು, ಅದನ್ನು ಟೈಪ್ ಮಾಡಬೇಕಿದ್ದ ಬೆರಳಚ್ಚುಗಾರನಿಗೆ. ಅವನು ನೇರ ಓಡಿದ್ದು ಮಂತ್ರಿಗಳ ಅಕ್ಕನ ಬಳಿಗೆ. ಹಿಂದೆ ನಾಟಕ ಕಂಪನಿಯಲ್ಲಿ ಪರದೆಯ ಮರೆಯಿಂದ ನಟರಿಗೆ ಮಾತು ನೆನಪಿಸುತ್ತಿದ್ದ ಅಕ್ಕ, ಈಗ ಈ ಮನೆಯ ಕಳವುಗಳನ್ನೆಲ್ಲ ಪತ್ತೆ ಹಚ್ಚುತ್ತಿದ್ದರು.

"ಅಕ್ಕಾ, ಮೇಜಿನ ಮೇಲೆ ಇಟ್ಟು ಟೀ ಕುಡಿಯೋಕೆ ಹೋದೆ. ಒಂದಕ್ಷರಾನೂ ಓದಿರಲಿಲ್ಲ."

"ಆಮೇಲೆ ಒಳಗೆ ಹೋದವರು?"

"ಕಾರಿನ ಕೀಲಿಗೆ ಡ್ರೈವರ್. ಪೇಪರ್ ಓದೋಕೆ ವಿರೋಧ ಪಕ್ಷದ ನಾಯಕರು. ಡ್ರೈವರಿಗೆ ಸಿಟ್ಟಿದೆ, ಪ್ರತಿ ಹರಟೇಲೂ ಅವನ ಡ್ರೈವಿಂಗನ್ನೇ ಗೇಲಿ ಮಾಡ್ತಾರಲ್ಲ!"

"ನಾಯಕರೆಲ್ಲಿ?"

"ಊಟದ ಕೋಣೇಲಿ. ಈ ಸೆಕೇಲೂ ಕೋಟಿನ ಗುಂಡಿ ಕತ್ತಿನವರೆಗೆ ಹಾಕ್ಕೊಂಡಿದ್ದಾರೆ, ಪಾಪ."

ನಾಯಕರು ಮಂತ್ರಿಗಳ ಬಾಲ್ಯದ ಗೆಳೆಯರು. ಸದನದಲ್ಲಿ ಜಗಳ, ಊಟ ಮಾತ್ರ ಇಲ್ಲೇ.

ಅಕ್ಕ ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿ, "ತಮ್ಮಾ, ಹರಟೆಯ ಶುರು ನೆನಪಿದೆಯಾ?" ಎಂದರು.

"ಅಷ್ಟೇ ನೆನಪಿರೋದು. ನನ್ನ ಭಾಷಣಕ್ಕೆ ಸಭಾಂಗಣ ತುಂಬಿತ್ತು. ಎರಡು ಗಂಟೆ ಮಾತಾಡಿದೆ. ಒಬ್ಬರೂ ಎದ್ದು ಹೋಗಲಿಲ್ಲ..."

ನಾಯಕರು ಕಿಸಕ್ಕೆಂದರು.

"ಆಮೇಲೆ ಗೊತ್ತಾಯ್ತು, ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತು!"

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲಸ ಹೋಗುವ ಭಯದಲ್ಲೂ ಬೆರಳಚ್ಚುಗಾರನಿಗೆ ನಗು ತಡೆಯಲಾಗಲಿಲ್ಲ.

"ಇವರಿಬ್ಬರೂ ಬೀಗದ ಮಾತು ಬಂದ ಮೇಲೆ ನಕ್ಕರು, ಅಂದರೆ ಈಗಲೇ ಕೇಳಿದ್ದು," ಎಂದರು ಅಕ್ಕ. "ಬೀಗಕ್ಕೆ ಮೊದಲೇ ನಕ್ಕವರು ಹರಟೆ ಓದಿದ್ದಾರೆ. ಆ ಹಾಳೆಗಳನ್ನು ಬಚ್ಚಿಡೋಕೆ ಸೆಕೇಲೂ ಗುಂಡಿ ಹಾಕ್ಕೊಂಡಿದ್ದಾರೆ. ಬಿಚ್ಚಪ್ಪಾ ಕೋಟು!"

ನಾಯಕರು ಗುಂಡಿ ಬಿಚ್ಚಿದರು. ಹಾಳೆಗಳು ಅನ್ನದ ತಟ್ಟೆಗೇ ಜಾರಿದವು.

"ನಿನ್ನನ್ನು ಬೈದಿದ್ದೆನೇನೋ?" ಮಂತ್ರಿಗಳು ಬೆರಗಾದರು.

"ಬೈದಿದ್ರೆ ಯಾರು ಕದೀತಿದ್ರು?" ನಾಯಕರು ಒಂದು ಹಾಳೆ ಎತ್ತಿ ತೋರಿಸಿದರು. "ಇದರಲ್ಲಿ ಡ್ರೈವರ್ ಇದ್ದಾನೆ, ನಿನ್ನ ಬೆಕ್ಕೂ ಇದೆ. ನಾನೆಲ್ಲೋ? ಇಷ್ಟು ವರ್ಷ ನಿನ್ನ ಎದುರು ನಿಂತು ಕಿರುಚಿದ್ದಕ್ಕೆ ಒಂದು ಸಾಲಿನ ಗೇಲಿಗೂ ಯೋಗ್ಯನಲ್ವಾ?"

ಮನೆಯೇ ಹಾರಿಹೋಗುವಂತೆ ನಗು. ಮಂತ್ರಿಗಳು ಬೆರಳಚ್ಚುಗಾರನ ಬೆನ್ನು ತಟ್ಟಿ, "ನಾಳೆ ಬೇಗ ಬಾರಯ್ಯ," ಎಂದರು. ಸಂಜೆ ಅವನು ನಾಯಕರ ಮೇಲಿನ ಹೊಸ ಪುಟವೊಂದನ್ನು ಸೇರಿಸಿ ಟೈಪ್ ಹೊಡೆಯುತ್ತಿದ್ದರೆ, ನಾಯಕರು ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ಚುಚ್ಚೋ," ಎಂದು ಗೆಳೆಯನನ್ನು ಪೀಡಿಸುತ್ತಿದ್ದರು.

ಮಂತ್ರಿಗಳು ಗೆಳೆಯನನ್ನು ಮರೆತು ಬಿಟ್ಟಿದ್ದರೋ, ಕೆಣಕಲೆಂದೇ ಬಿಟ್ಟಿದ್ದರೋ? ಬೆರಳಚ್ಚುಗಾರ ಕೇಳಿಯೂ ನೋಡಿದ. ಅವರು ನಕ್ಕು ಕನ್ನಡಕ ಒರೆಸಿಕೊಂಡರು. ಅದು ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯದು.