ಮಡಚಿಟ್ಟ ಚೌಕ

ಕೆಲಸಕ್ಕೆ ಸೇರಿದ ದಿನವೇ ರಂಜಿನಿ ಜ್ಞಾನೇಶನ ಇಡೀ ಚಿತ್ರವನ್ನು ಅಳಿಸಿಹಾಕಿದಳು. ಹಾಗಂತ ಅವಳೇ ತಿಳಿದುಕೊಂಡು ಗಾಬರಿಯಾದಳು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿತ್ತು ಆ ಆಫೀಸು. ಕಾರ್ಖಾನೆಗಳಲ್ಲಿ ಯಾವುದು ಯಾವುದಕ್ಕೆ ಸೇರಿದೆ, ಯಾವುದರಿಂದ ಏನಾಯಿತು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಡುವುದು ಅಲ್ಲಿಯ ಕೆಲಸ. ಒಂದೊಂದು ಸಂಗತಿಗೆ ಒಂದೊಂದು ವೃತ್ತ, ನಡುವೆ ಬಾಣ. ಒಟ್ಟಿಗೆ ಸೇರುವ ವೃತ್ತಗಳ ಸುತ್ತ ಒಂದು ಚೌಕ, ಆ ಚೌಕದೊಳಗೆ ಮತ್ತೆ ಚಿಕ್ಕ ಚೌಕಗಳು. ರಂಜಿನಿ ಹೊರಗಿನ ಚೌಕದ ಮೂಲೆಯಲ್ಲಿದ್ದ ಮೈನಸ್ ಒತ್ತಿದ್ದೇ ತಡ, ಒಳಗಿದ್ದದ್ದೆಲ್ಲ ಮಾಯವಾಗಿ ಬರೀ ಹೆಸರು ಉಳಿಯಿತು.

"ಸರ್, ಎಲ್ಲಾ ಹೋಯ್ತು," ಎಂದಳು. ಕಣ್ಣು ಆಗಲೇ ತುಂಬಿತ್ತು.

ಅವಳಿಗೆ ಕೆಲಸ ಕಲಿಸಬೇಕಿದ್ದ ಜ್ಞಾನೇಶ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಪರದೆಯನ್ನು ನೋಡಲಿಲ್ಲ, ಅವಳನ್ನೇ ನೋಡಿದ. "ಎಲ್ಲೂ ಹೋಗಿಲ್ಲ ಮಾರಾಯ್ತಿ. ಮಡಚಿಕೊಂಡಿದೆ ಅಷ್ಟೆ. ಈಗಲ್ಲಿ ಪ್ಲಸ್ ಬಂದಿದೆಯಲ್ಲ, ಒತ್ತು."

ಒತ್ತಿದಳು. ಎಲ್ಲ ಮತ್ತೆ ಬಿಚ್ಚಿಕೊಂಡಿತು. ಅವನು ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಅವಳು ಅದನ್ನು ನೋಡಿಯೂ ನೋಡದವಳಂತೆ ಕಣ್ಣೊರೆಸಿಕೊಂಡಳು.

ಅವಳ ಊಟದ ಡಬ್ಬಿಯ ಮೇಲೆ ಅವನ ಕಣ್ಣು ಬೀಳಲು ಬಹಳ ದಿನ ಬೇಕಾಗಲಿಲ್ಲ.

"ಚಟ್ನಿಪುಡಿ ಅಮ್ಮ ಮಾಡಿದ್ದಾ?"

"ಅಪ್ಪ. ನೈಟ್ ಶಿಫ್ಟ್ ಮುಗಿಸಿ ಬಂದು ನನ್ನ ಡಬ್ಬಿ ಕಟ್ಟಿಯೇ ಮಲಗೋದು."

ಅವಳ ಅಪ್ಪ ರಂಗಪ್ಪ ಭದ್ರಾವತಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿಯಲ್ಲಿ ಕ್ರೇನ್ ಆಪರೇಟರ್. ಜ್ಞಾನೇಶನ ಅಣ್ಣ ಶಿವಯೋಗಿ ಅಲ್ಲೇ ಮೇಂಟೆನೆನ್ಸ್ ಸೂಪರ್‌ವೈಸರ್. ಇದು ಗೊತ್ತಾದಾಗ ಇಬ್ಬರಿಗೂ ಏನೋ ಸಂಬಂಧ ಕೂಡಿಬಂದಂತೆ ಖುಷಿಯಾಗಿತ್ತು.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ನಡೆಯುತ್ತಿದ್ದರು. ಭದ್ರಾವತಿ ಬಸ್ಸು ಬಂದರೆ ಅವನು, "ತುಂಬಾ ರಶ್ ಇದೆ, ಮುಂದಿನದಕ್ಕೆ ಹೋಗು," ಎನ್ನುತ್ತಿದ್ದ. ಅವಳು ಖಾಲಿ ಸೀಟುಗಳನ್ನೇ ನೋಡುತ್ತಾ, "ಹೌದು, ನಿಲ್ಲೋಕೂ ಜಾಗ ಇಲ್ಲ," ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ ಕರಗಿದ ಕಬ್ಬಿಣ ತುಂಬಿದ್ದ ಪಾತ್ರೆ ಕ್ರೇನಿನಿಂದ ಜಾರಿತು. ರಿಮೋಟ್ ಹಿಡಿದು ಕೆಳಗೆ ನಿಂತಿದ್ದವನು ರಂಗಪ್ಪ. ಮುಖ ತೋರಿಸಿ ಎಂದು ಹೆಂಡತಿ ಮಾಸ್ತಮ್ಮ ಎಷ್ಟು ಗೋಗರೆದರೂ ಯಾರೂ ಬಟ್ಟೆ ಸರಿಸಲಿಲ್ಲ.

ಮಣ್ಣಿಗೆ ಜ್ಞಾನೇಶ್ ಬಂದಿದ್ದ. ದೂರದಲ್ಲೇ ನಿಂತು ಹೊರಟುಹೋದ. ಆಮೇಲೆ ಅವಳು ಆಫೀಸಿಗೆ ಹೋಗಲಿಲ್ಲ, ಅವನು ಅವಳ ಫೋನ್ ಎತ್ತಲಿಲ್ಲ.

ಕೆಲವು ವಾರಗಳ ನಂತರ ಫೌಂಡ್ರಿಯವರ ವರದಿಯ ಒಂದು ಪ್ರತಿ ರಂಜಿನಿಯ ಮನೆಗೆ ಬಂತು. ಅದರಲ್ಲೊಂದು ಚಿತ್ರ: ಪಾತ್ರೆ ಜಾರಿದ್ದು, ಸಾವು, ಬಾಣಗಳು, ಎಲ್ಲ ಬಾಣಗಳೂ ಹೊರಟಿದ್ದು ಒಂದೇ ಚೌಕದಿಂದ. ಅದರ ಮೇಲೆ 'ಆಪರೇಟರ್ ತಪ್ಪು' ಎಂದಿತ್ತು. ಮಾಸ್ತಮ್ಮನ ಕಣ್ಣಿಗೆ ಅದು ಬರೀ ಚೌಕ. ರಂಜಿನಿಗೆ ಮೂಲೆಯ ಚಿಕ್ಕ ಪ್ಲಸ್ ಕಾಣಿಸಿತು. ಕೆಳಗೆ ತನ್ನದೇ ಆಫೀಸಿನ ಹೆಸರು.

ಮಾರನೇ ದಿನ ದುರ್ಗಿಗುಡಿಯ ಮೆಟ್ಟಿಲು ಹತ್ತಿ ಆ ಹಾಳೆಯನ್ನು ಜ್ಞಾನೇಶನ ಮುಂದಿಟ್ಟಳು.

"ನೀವೇ ಬರೆದಿದ್ದಾ?"

"ಹೌದು."

"ಬಿಚ್ಚಿ."

"ಬೇಡ ರಂಜಿನಿ."

"ಬಿಚ್ಚಿ ಅಂದೆ."

ಅವನು ಫೈಲ್ ತೆರೆದು ಪ್ಲಸ್ ಒತ್ತಿದ. ಕ್ರೇನಿನ ಬ್ರೇಕ್ ಸವೆದಿತ್ತು. ಸವೆದಿದೆ ಎಂದು ಮೊದಲೇ ಹೇಳಿದವನು ರಂಗಪ್ಪ. ಬ್ರೇಕ್ ಸರಿ ಇದೆ ಎಂದು ಸಹಿ ಹಾಕಿದವನು ಶಿವಯೋಗಿ. ಅವನ ವೃತ್ತ ಇನ್ನೊಂದು ಚೌಕದೊಳಗಿತ್ತು: ಆರ್ಡರ್ ಮುಗಿಯುವವರೆಗೆ ಕ್ರೇನ್ ನಿಲ್ಲಿಸಬಾರದು, ಮ್ಯಾನೇಜರ್ ಆದೇಶ.

"ಯೋಗರಾಜ್ ಸರ್ ಮಡಚು ಅಂದ್ರು," ಎಂದ ಜ್ಞಾನೇಶ್. ಯೋಗರಾಜ್ ಆಫೀಸಿನ ಮಾಲೀಕ. "ಅವರು ಹೇಳದಿದ್ರೂ ಮಡಚ್ತಿದ್ದೆನೋ ಏನೋ. ನನ್ನ ಓದಿಸಿದ್ದು ಅಣ್ಣ."

"ನನ್ನ ಓದಿಸಿದ್ದು ಅಪ್ಪ."

ಅವನು ಬಿಚ್ಚಿದ ಚಿತ್ರವನ್ನು ಪ್ರಿಂಟ್ ತೆಗೆದು, ಜೊತೆಗೆ ತಾನೂ ಎದ್ದ. "ವಿಚಾರಣೆಗೆ ಬರೀ ಹಾಳೆ ಸಾಕಾಗಲ್ಲ. ಯಾರು ಬರೆದಿದ್ದು ಅಂತ ಕೇಳ್ತಾರೆ. ನಾನೂ ಬರ್ತೀನಿ."

ಅಪಘಾತದ ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಯ ಮುಂದೆ ಅವನು ಎಲ್ಲವನ್ನೂ ಹೇಳಿದ, ಮಡಚಿದ್ದು ತಾನೇ ಎಂಬುದನ್ನೂ. ರಂಗಪ್ಪನ ಮೇಲಿದ್ದ ಕಳಂಕ ಹೋಯಿತು. ಮ್ಯಾನೇಜರ್ ಮೇಲೂ ಶಿವಯೋಗಿಯ ಮೇಲೂ ಕೇಸಾಯಿತು. ಮ್ಯಾನೇಜರ್‌ಗೆ ಬೇಗ ಜಾಮೀನು ಸಿಕ್ಕಿತು, ಶಿವಯೋಗಿಗೆ ಸಿಗಲಿಲ್ಲ. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕುಂಸಿಯ ತವರಿಗೆ ಹೋದಳು. ಜ್ಞಾನೇಶನ ಕೆಲಸ ಹೋಯಿತು. ತಾಯಿ ದಾಕ್ಷಾಯಣಮ್ಮ ಅವನಿಗೆ ತಟ್ಟೆಯಿಟ್ಟು ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಬೇಸಿಗೆಯ ಕೊನೆಗೆ ಅವನು ಭದ್ರಾವತಿಗೆ ಬಂದ. ಇಬ್ಬರೂ ಹೊಳೆಯ ಸೇತುವೆಯ ಮೇಲೆ ನಿಂತರು. ಅವನು ಬಹಳ ಸೊರಗಿದ್ದ.

"ಮೊದಲೇ ಹೇಳಬೇಕಿತ್ತು," ಎಂದ. "ನಿನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

"ಗೊತ್ತು. ನಂಗೂ ಇಷ್ಟ."

"ಮದುವೆ ಆಗೋಣ. ಬೇರೆ ಮನೆ ಮಾಡ್ತೀನಿ."

ಅವಳು ನೀರನ್ನೇ ನೋಡುತ್ತಿದ್ದಳು. "ನನ್ನ ನೋಡಿದಾಗಲೆಲ್ಲ ನಿಮ್ಮಮ್ಮನಿಗೆ ಜೈಲಲ್ಲಿರೋ ಮಗ ನೆನಪಾಗ್ತಾರೆ. ಅದನ್ನಾದ್ರೂ ತಡ್ಕೋತೀನಿ. ನಿಮ್ಮನ್ನ ನೋಡಿದ್ರೆ ನಂಗೆ ಆ ಹಾಳೆ ನೆನಪಾಗುತ್ತೆ ಜ್ಞಾನೇಶ್. ನೀವು ಬಿಚ್ಚಿದ್ದೂ ನೆನಪಿದೆ. ಆದ್ರೆ ಮಡಚಿದ್ದೇ ಮೊದಲು ಬರುತ್ತೆ."

ಅವಳು ಮೊದಲ ಸಲ ಅವನ ಕೈ ಹಿಡಿದಳು. ಜನ ಓಡಾಡುತ್ತಿದ್ದರೂ ಬಿಡಲಿಲ್ಲ. ಕೊನೆಗೆ ಅವನೇ ಮೆಲ್ಲಗೆ ಬಿಡಿಸಿಕೊಂಡು, "ಕತ್ತಲಾಗುತ್ತೆ, ಹೋಗು," ಎಂದ.

ಹಳೇನಗರದ ಮನೆಯಲ್ಲಿ ಮಾಸ್ತಮ್ಮ ಬಾಗಿಲಲ್ಲೇ ಕೂತಿದ್ದಳು.

"ಏನಂದ?"

"ಇಷ್ಟ ಅಂದ್ರು."

"ನೀನು?"

"ನಾನೂ ಅಂದೆ. ಅಂದು ಬಂದೆ."

ಮಾಸ್ತಮ್ಮ ಮಗಳ ಮುಖವನ್ನು ನೋಡಿದಳು. ಅವಳಿಗೆ ಕೂರಲು ಪಕ್ಕದಲ್ಲಿ ಜಾಗ ಬಿಟ್ಟಳು.