ಐನೂರ ತೊಂಬತ್ತರ ಹುಲಿ

ಮಕ್ತಲ್ ತಾಲೂಕಿನ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಹಸೀಲ್ ಕಚೇರಿಯ ಗುಮಾಸ್ತ ಮಾರ್ಕಂಡೇಯನ ಎಡ ಮುಂಗೈ ಮೇಲೆ ಕಾಯಂ ವಾಸವಾಗಿದ್ದ ಹುಲಿಯು ಭಾನುವಾರ ಮಧ್ಯಾಹ್ನ, ಸಂತೆಯ ಹೊತ್ತಿನಲ್ಲಿ, ಸರ್ಕಾರಿ ಸುತ್ತೋಲೆಯ ಪ್ರಕಾರ ಮೊಲವೆಂದು ಪರಿಗಣಿಸಲ್ಪಟ್ಟಿದೆ. ಹುಲಿಯ ಕಡೆಯಿಂದ ಯಾವ ತಕರಾರೂ ಬಂದಿಲ್ಲ. ತಕರಾರು ಬಂದದ್ದು ಒಬ್ಬ ಹುಡುಗಿಯ ಕಡೆಯಿಂದ.

ಅದು ಏನೆಂದು ತಿಳಿಯಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಐದು ದಿನಕ್ಕೆ ಮುಗಿದಿತ್ತು. ಕಚೇರಿಯ ಆ್ಯಕ್ಷನ್ ಮಾತ್ರ ಒಂದೂವರೆ ವರ್ಷವಾದರೂ ಮುಗಿದಿರಲಿಲ್ಲ. ಬೋರ್ಡು ಬದಲಾಯಿತು, ಟೋಪಿ ಬದಲಾಯಿತು, ಶುಕ್ರವಾರದ ರಜೆ ಭಾನುವಾರಕ್ಕೆ ಬಂತು. ಕೊನೆಗೆ ವರ್ಷವೇ ಬದಲಾಯಿತು. ನಿಜಾಮರ ಫಸಲಿ ಸನ್ ಹೋಗಿ ಇಸವಿ ಬಂತು. ನಿನ್ನೆಯವರೆಗೆ ಫಸಲಿ ಸಾವಿರದ ಮುನ್ನೂರ ಮೂವತ್ತರಲ್ಲಿ ಹುಟ್ಟಿದ್ದವರು ಬೆಳಗಾಗುವುದರೊಳಗೆ ಬೇರೆ ಯಾವುದೋ ವರ್ಷದಲ್ಲಿ ಹುಟ್ಟಬೇಕಾಯಿತು.

ಫಸಲಿ ಲೆಕ್ಕ ಬಲ್ಲ ಹಳೆಯ ಮುನ್ಷಿಗಳು ಕಚೇರಿಗೆ ಬರುವುದನ್ನು ಬಿಟ್ಟಿದ್ದರು. ಯಾಕೆ ಬಿಟ್ಟರೆಂದು ಯಾರೂ ಕೇಳಲಿಲ್ಲ. ಅವರ ಮೇಜು, ಮಸಿಕುಡಿಕೆ ಮತ್ತು ಕೆಲಸ ಮೂರೂ ಮಾರ್ಕಂಡೇಯನಿಗೆ ಬಂದವು. ಅವನು ನಾರಾಯಣಪೇಟೆಯ ನೇಕಾರರ ಮಗ, ಇಪ್ಪತ್ತಮೂರು ವರ್ಷದವನು. ಎಳೆ ಎಣಿಸಿ ಬೆಳೆದವನಾದ್ದರಿಂದ ಒಂದೇ ದಿನದಲ್ಲಿ ಸೂತ್ರ ಹಿಡಿದ: ಫಸಲಿಗೆ ಐನೂರ ತೊಂಬತ್ತು ಕೂಡಿಸಿದರೆ ಅಸಲಿ. ಹಾಗೆಂದು ಗೋಡೆಯ ಮೇಲೆ ಬರೆದೂ ಇಟ್ಟ.

ಇದೇ ಹೊತ್ತಿಗೆ, ಯುದ್ಧಕ್ಕೆ ಮೊದಲು ರಸ್ತೆ ಕೆಲಸಕ್ಕೆಂದು ಮಲಯಕ್ಕೆ ಹೋಗಿದ್ದ ಭೀಮಯ್ಯ ಊರಿಗೆ ಮರಳಿದ. ತಂದದ್ದು ಒಂದು ಟ್ರಂಕು, ಒಂದು ಕೆಮ್ಮು, ಮತ್ತು ಪಿನಾಂಗಿನ ಚೀನೀ ಅಂಗಡಿಯೊಂದರ ಕ್ಯಾಲೆಂಡರು. ಅದರಲ್ಲಿ ಹನ್ನೆರಡು ಪ್ರಾಣಿಗಳು ಚಕ್ರದಂತೆ ಒಂದರ ಬಾಲ ಒಂದು ನೋಡುತ್ತ ನಿಂತಿದ್ದವು.

“ಚೀನಾದವರಿಗೆ ಒಂದೊಂದು ವರ್ಷಕ್ಕ ಒಂದೊಂದು ಪ್ರಾಣಿ,” ಎಂದು ಭೀಮಯ್ಯ ಸಂತೆಯಲ್ಲಿ ವಿವರಿಸಿದ. “ಹುಟ್ಟಿದ ವರ್ಷದ್ದು ಮೈಮ್ಯಾಲ ಹಚ್ಚಿ ಹಾಕಿಸಿಕೊಂಡ್ರ ಅದರ ಗುಣ ಕಾಯತೈತಿ. ಎತ್ತು ಅಂದ್ರ ದುಡಿಮಿ. ನಾಯಿ ಅಂದ್ರ ನಿಯತ್ತು. ಹುಲಿ ಅಂದ್ರ ಧೈರ್ಯ. ಮೊಲ ಅಂದ್ರ ಮೆತ್ತನ ಮನಸು.”

ಕೇಳುತ್ತಿದ್ದವರಲ್ಲಿ ಹಚ್ಚೆಯ ಹಣಮಮ್ಮ ಇದ್ದಳು. ನೇಕಾರನ ಹೆಂಡತಿಯಾಗಿದ್ದವಳು, ಗಂಡ ಹೋದ ಮೇಲೆ ಮಗ್ಗ ಬಿಟ್ಟು ಸೂಜಿ ಹಿಡಿದವಳು. ಮೂವತ್ತು ವರ್ಷದಿಂದ ತುಳಸಿಕಟ್ಟೆ, ಚೇಳು, ಗಂಡನ ಹೆಸರು ಚುಚ್ಚಿ ಬೇಸತ್ತಿದ್ದಳು. ಮರುದಿನವೇ ಕ್ಯಾಲೆಂಡರು ಅವಳ ಬೇವಿನ ಮರಕ್ಕೆ ನೇತುಬಿತ್ತು. ಚಿತ್ರ ತಿದ್ದುವ ಕೆಲಸ ಮೊಮ್ಮಗಳು ಜಮ್ಮುಲಮ್ಮನದು. ರೆಕ್ಕೆಯಿಲ್ಲದೆ ಹಾರುವ ಚೀನೀ ಹಾವು ಏನೆಂದು ಅವಳಿಗೆ ತಿಳಿಯಲಿಲ್ಲ. ಗದ್ವಾಲ ಸೀರೆಯ ಸೆರಗಿನ ಸಿಂಹಮುಖದ ಯಾಳಿಯನ್ನು ಹಾಕಿದಳು. ಹಂದಿ ಯಾರಿಗೂ ಬೇಡವಾಗಿತ್ತು. ಆ ವರ್ಷದವರಿಗೆ ಗಿಡ್ಡ ಸೊಂಡಿಲಿನ ಆನೆ ಹಾಕಿ ಕಳಿಸಿದಳು.

ಆದರೆ ಪ್ರಾಣಿ ಬೇಕಾದರೆ ಇಸವಿ ಬೇಕು, ಇಸವಿ ಬೇಕಾದರೆ ಮಾರ್ಕಂಡೇಯ ಬೇಕು. ಜನ ಕಚೇರಿಯ ಕಿಟಕಿಗೆ ಬಂದು ಚೀಟಿ ಪಡೆದು ಬೇವಿನ ಮರಕ್ಕೆ ಹೋಗತೊಡಗಿದರು. ಉಪಕಾರವಾಗಲೆಂದು ಅವನು ಚೀಟಿಯಲ್ಲಿ ಪ್ರಾಣಿಯ ಹೆಸರನ್ನೂ ಬರೆಯತೊಡಗಿದ. ಅದೇ ಎಡವಟ್ಟಾಯಿತು.

ಒಂದು ದಿನ ಜಮ್ಮುಲಮ್ಮ ಕಿಟಕಿಯ ಮುಂದೆ ಬಂದು ನಿಂತಳು. ಹಿಂದೆ ಪಟೇಲ ಎಂಕಪ್ಪ, ಕೈಯಲ್ಲಿ ಬಡಿಗೆ.

“ಈ ಚೀಟಿ ನೀವ ಬರದೀರೇನ್ರಿ?”

“ಹೌದು.”

“ಓದ್ರಿ.”

“ಎಂಕಪ್ಪ. ಮಂಗ,” ಎಂದು ಓದಿದ ಮಾರ್ಕಂಡೇಯ. ಓದಿದ ಮೇಲೆ ಬಡಿಗೆಯ ಅರ್ಥ ಅವನಿಗೆ ಹೊಳೆಯಿತು.

“ಊರ ಪಟೇಲನ್ನ ಸರ್ಕಾರ ಮಂಗ ಅಂತ ಬರದು ಕೊಡತೈತೇನು?” ಎಂದ ಎಂಕಪ್ಪ.

“ಅವ್ರು ಬರದಿದ್ದು ನಿಮ್ಮ ವರ್ಷ, ನಿಮ್ಮ ಮಾರಿ ಅಲ್ರಿ ಪಟೇಲ್ರ,” ಎಂದಳು ಜಮ್ಮುಲಮ್ಮ. “ಮಂಗ ಅಂದ್ರ ಚುರುಕು. ನಿಮಗ ಹಣಮಪ್ಪನ್ನ ಹಾಕಿ ಕೊಡತೀನಿ, ನಡೀರಿ.”

ಪಟೇಲ ತಣ್ಣಗಾದ. ಹೋಗುವಾಗ ಅವಳು ತಿರುಗಿ ನೋಡಿದಳು. ನೋಟ ಕಿಟಕಿಯ ಎರಡು ಸರಳುಗಳ ನಡುವೆ ಬಂದು, ಮೇಜು ದಾಟಿ, ಮಾರ್ಕಂಡೇಯನ ಮೂಗಿನ ತುದಿಯ ಮಸಿಯ ಮೇಲೆ ನಿಂತಿತು.

“ಮುನ್ಷಿಯವ್ರ, ಹಚ್ಚಿ ನಾವು ಹಾಕತೀವಿ. ನೀವು ಹಾಕಿಕೊಂಡು ಕುಂದರಬ್ಯಾಡ್ರಿ.”

ಅವನು ಮೂಗು ಒರೆಸಿಕೊಂಡ. ಮಸಿ ಕೆನ್ನೆಗೂ ಹರಡಿತು. ಹಚ್ಚೆಗೂ ಹುಚ್ಚಿಗೂ ನಡುವೆ ಇರುವ ಅಂತರ ಎಷ್ಟೆಂದು ಆ ಸಂಜೆ ಅವನು ಬಹಳ ಹೊತ್ತು ಯೋಚಿಸಿದ.

ಅಂದಿನಿಂದ ಭಾನುವಾರದ ರಜೆಯ ಬಗ್ಗೆ ಹೊಸ ಸರ್ಕಾರಕ್ಕೆ ಅವನಷ್ಟು ಕೃತಜ್ಞನಾದ ಪ್ರಜೆ ಇನ್ನೊಬ್ಬನಿರಲಿಲ್ಲ. ಪ್ರತಿ ಸಂತೆಗೂ ಚೀಟಿ ಸರಿಯಾಗಿದೆಯೇ ಎಂದು ತಪಾಸಣೆಗೆ ಬೇವಿನ ಮರದ ಕೆಳಗೆ ಹಾಜರಾದ. ತಪಾಸಣೆ ಸಂಜೆಯವರೆಗೆ ನಡೆಯುತ್ತಿತ್ತು.

ಹಣಮಮ್ಮ ಕುರುಡಿಯಲ್ಲ. ಆದರೆ ಅವಳ ಯೋಜನೆ ದೊಡ್ಡದಿತ್ತು. ಗದ್ವಾಲದಲ್ಲಿ ಕುರುಮಯ್ಯನೆಂಬವನಿದ್ದ, ಹಿಟ್ಟಿನ ಗಿರಣಿಯ ಮಾಲೀಕ, ಸಂಭಾವಿತ, ಇನ್ನೂ ಮದುವೆಯಾಗಿರಲಿಲ್ಲ. ಜಮ್ಮುಲಮ್ಮನನ್ನು ಕೇಳಿ ಕಳಿಸಿದ್ದ. ಮಾರ್ಕಂಡೇಯನೇ ಕೊಟ್ಟ ಚೀಟಿಯ ಪ್ರಕಾರ ಕುರುಮಯ್ಯನದು ನಾಯಿ, ಜಮ್ಮುಲಮ್ಮನದು ಕುದುರೆ. ಕ್ಯಾಲೆಂಡರಿನ ಚಕ್ರದಲ್ಲಿ ಹುಲಿ, ಕುದುರೆ, ನಾಯಿ ಮೂರಕ್ಕೂ ಸ್ನೇಹವೆಂದು ಭೀಮಯ್ಯ ಹೇಳಿದ್ದ. ಕುರುಮಯ್ಯನಿಗೆ ಸೂಜಿಯೆಂದರೆ ಜ್ವರ ಬರುತ್ತಿತ್ತು, ಅದೊಂದೇ ಕೊರತೆ. ಅಳಿಯನ ಕೈಯೇ ಖಾಲಿಯಿದ್ದರೆ ಹಣಮಮ್ಮನ ಕಸುಬಿಗೆ ಮರ್ಯಾದೆಯೆಲ್ಲಿ?

ಅವನನ್ನು ಸೂಜಿಗೆ ಎಳೆಯಲೆಂದು ಅವಳು ತುಂಬಿದ ಸಂತೆಯಲ್ಲಿ ಎದ್ದು ನಿಂತು ಸಾರಿದಳು: “ನನ್ನ ಮೊಮ್ಮಗಳದು ಕುದುರಿ. ಕುದುರಿಗೆ ಜೋಡಿ ಹುಲಿ, ಇಲ್ಲಂದ್ರ ನಾಯಿ. ಈ ಎರಡರಾಗ ಒಂದು ಯಾರ ಕೈಮ್ಯಾಲ ಮೊದಲು ಒಣಗತೈತೋ, ಅವಗ ಹುಡುಗಿ ಕೊಡತೀನಿ. ಗದ್ವಾಲದ ದೇವಿ ಜಮ್ಮುಲಮ್ಮ ತಾಯಿ ಆಣಿ.”

ಮಾರ್ಕಂಡೇಯ ಹುಟ್ಟಿದ್ದು ಫಸಲಿ ಸಾವಿರದ ಮುನ್ನೂರ ಮೂವತ್ತಾರರಲ್ಲಿ. ಐನೂರ ತೊಂಬತ್ತು ಕೂಡಿಸಿದ. ಸಾವಿರದ ಒಂಬೈನೂರ ಇಪ್ಪತ್ತಾರು. ಹುಲಿ.

ಅವನು ಅಂಗಿಯ ತೋಳು ಮಡಚಿ ಬೇವಿನ ಬುಡದಲ್ಲಿ ಕುಳಿತ.

ಜಮ್ಮುಲಮ್ಮ ಅವನ ಮಣಿಕಟ್ಟನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು. ದೀಪದ ಕಾಡಿಗೆಗೆ ಔಡಲೆಣ್ಣೆ ಕಲಸಿದಳು. ಮೂರು ಸೂಜಿ ಒಟ್ಟಿಗೆ ಕಟ್ಟಿದಳು. ಮೊದಲ ಚುಚ್ಚಿಗೆ ಅವನು ಕಣ್ಣು ಮುಚ್ಚಿದ, ಎರಡನೆಯದಕ್ಕೆ ತೆರೆದ, ಆಮೇಲೆ ಮುಚ್ಚಲೇ ಇಲ್ಲ. ಅವಳ ಮೂಗುತಿಯ ಕೆಂಪು ಹರಳು ಸೂಜಿಯ ಜೊತೆಗೇ ಏರಿಳಿಯುತ್ತಿತ್ತು.

“ಹುಲಿ ನಿಮ್ಮ ಕೈಯಾಗ ಐತಿ,” ಎಂದಳು ತಲೆಯೆತ್ತದೆ. “ನನ್ನ ಮಾರಿಮ್ಯಾಲ ಅಲ್ಲ.”

“ಸರಿ ಐತಿಲ್ಲೋ ನೋಡಾಕತ್ತೀನಿ.”

“ಏನು? ಹುಲಿನೋ?”

ಅವಳು ಬಾಲದ ಹತ್ತಿರ ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ ಚುಚ್ಚಿದಳು.

ಮುಗಿದ ಮೇಲೆ ಅರಿಶಿನ ಹಚ್ಚಿ, ಹಳೆಯ ಸೀರೆಯ ಚೌಕಳಿ ಚೂರೊಂದನ್ನು ಸಡಿಲವಾಗಿ ಸುತ್ತಿದಳು. ನಾರಾಯಣಪೇಟೆಯ ಚೌಕಳಿ, ಅವನ ಓಣಿಯ ನೇಯ್ಗೆ. ಅವನು ಅದನ್ನು ಗುರುತಿಸಿದ್ದನ್ನು ಅವಳೂ ಗುರುತಿಸಿದಳು.

“ಕೇಳ್ರಿ. ಮೂರು ದಿನ ನೀರು ಸೋಕಿಸಬ್ಯಾಡ್ರಿ. ಆಮ್ಯಾಲ ದಿನಾ ಕುಸುಬಿ ಎಣ್ಣಿ, ತೆಳ್ಳಗ. ಬಿಸಿಲಿಗೆ ಹಿಡಿಬ್ಯಾಡ್ರಿ. ತುರಿಸತೈತಿ, ಕೆರಕೋಬ್ಯಾಡ್ರಿ, ಮೆಲ್ಲಕ ತಟ್ರಿ. ಪೊರಿ ತಾನಾಗೇ ಬಿಡತೈತಿ. ನೀವು ಕಿತ್ತಿದ್ರ ಹುಲಿ ಪಟ್ಟಿ ಹಾರಿ ಬೆಕ್ಕಾಗತೈತಿ. ಮತ್ತ ಒಣಗೋ ತನಕ ಹುಳಿ ತಿನ್ನಬ್ಯಾಡ್ರಿ.”

“ಹುಲಿಗೆ ಹುಳಿ ಆಗಂಗಿಲ್ಲೇನು?”

“ಹುಲಿಗಿ ಆಗತೈತಿ. ಮುನ್ಷಿಗಿ ಕೀವಾಗತೈತಿ.”

ಹದಿನೈದು ದಿನ ಮಾರ್ಕಂಡೇಯ ಸಪ್ಪೆ ಬೇಳೆ ಉಂಡ. ತುರಿಕೆ ಬಂದಾಗ ಮೇಜನ್ನು ಕೆರೆದ. ತಹಸೀಲ್ದಾರರು ಎಡಗೈ ಯಾಕೆ ಅಂಗಿಯೊಳಗೆ ಎಂದು ಕೇಳಿದಾಗ, ಒಂದು ಕೇಸು ಬಾಕಿಯಿದೆ ಎಂದ. ನಡುವಿನ ಸಂತೆಯಲ್ಲಿ ಅವಳು ಬಟ್ಟೆ ಬಿಚ್ಚಿ ನೋಡಿದಳು. ಪೊರೆ ಏಳುತ್ತಿತ್ತು. ಅವಳು ಅದರ ಮೇಲೆ ಮೆಲ್ಲಗೆ ಊದಿದಳು.

“ಯಾಕ ಹಾಕಿಸಿಕೊಂಡೆ ಅಂತ ನೀನು ಕೇಳಲೇ ಇಲ್ಲ,” ಎಂದ ಅವನು.

“ಸಂತಿಗೆಲ್ಲ ಗೊತ್ತೈತಿ. ನೀವೊಬ್ರ ಬಾಯಿಬಿಟ್ಟು ಹೇಳಿಲ್ಲ.”

ಹೇಳಬಹುದಿತ್ತು. ಆದರೆ ಅವನು ಬರವಣಿಗೆಯ ಮನುಷ್ಯ.

ತೀರ್ಮಾನದ ಭಾನುವಾರ ಕುರುಮಯ್ಯ ಗದ್ವಾಲದಿಂದ ಬಂಡಿ ಕಟ್ಟಿಕೊಂಡು ಬಂದ. ತೆಂಗಿನಕಾಯಿ, ಸೀರೆ, ಒಂದು ಮೂಟೆ ಸಣ್ಣ ಹಿಟ್ಟು ತಂದಿದ್ದ. ಎರಡೂ ಕೈ ಖಾಲಿ.

“ಹಣಮಮ್ಮಾ, ಸೂಜಿ ನೋಡಿದ್ರ ನನ್ನ ಕಣ್ಣು ಕತ್ತಲಾಗತೈತಿ,” ಎಂದ ಪ್ರಾಮಾಣಿಕವಾಗಿ. “ನಾಯಿ ವರ್ಷದಾಗ ಹುಟ್ಟಿದ್ದು ಖರೇ ಅಲ್ಲೇನು? ಚುಚ್ಚಿಸಿಕೊಂಡ್ರ ಮಾತ್ರ ನಾಯಿನಾ?”

ಹಣಮಮ್ಮ ಹಿಟ್ಟಿನ ಮೂಟೆ ನೋಡಿದಳು. “ಅದೂ ಖರೇ. ಹುಟ್ಟು ದೊಡ್ಡದು. ಹಚ್ಚಿ ಬರೇ ಮ್ಯಾಲಿನ ಅಂದ,” ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಹಾಗೆಂದಳು.

ಜಮ್ಮುಲಮ್ಮ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವಳು ನಿಲ್ಲಿಸಿದಳು.

ಆಗ ಮಾರ್ಕಂಡೇಯ ಜೇಬಿನಿಂದ ಒಂದು ಕಾಗದ ತೆಗೆದ. ಹಿಂದಿನ ದಿನ ಬಂದ ಸುತ್ತೋಲೆ. ಅದನ್ನು ಓದಿದ ಕೂಡಲೇ ಅವನು ನೆನಪಿಸಿಕೊಂಡದ್ದು ಒಂದೇ ಚೀಟಿ, ಕುರುಮಯ್ಯನದು. ಆ ಸಂತೋಷದಲ್ಲಿ ಬೇರೇನೂ ನೆನಪಿಗೆ ಬಂದಿರಲಿಲ್ಲ.

“ಫಸಲಿ ವರ್ಷ ಅಕ್ಟೋಬರಿಗೆ ಶುರು ಆಗತೈತಿ, ಇಸವಿ ಜನವರಿಗೆ,” ಎಂದು ಗಂಟಲು ಸರಿಮಾಡಿಕೊಂಡು ವಿವರಿಸಿದ. “ಅದಕ್ಕ ಮೊದಲಿನ ಮೂರು ತಿಂಗಳಿಗೆ, ಆಜೂರ್, ದೈ, ಬಹಮನ್ನಿಗೆ, ಐನೂರ ತೊಂಬತ್ತು ಕೂಡಿಸಬೇಕು. ಉಳಿದ ಒಂಬತ್ತು ತಿಂಗಳಿಗೆ ಐನೂರ ತೊಂಬತ್ತೊಂದು. ಕುರುಮಯ್ಯನೋರು ಹುಟ್ಟಿದ್ದು ಮೆಹರ್ ತಿಂಗಳು. ಹನ್ನೊಂದನೇದು. ಅಂದ್ರ ಒಂದು ವರ್ಷ ಮುಂದಕ್ಕ. ನಾಯಿ ಆದಮ್ಯಾಲ ಬರೋದು…”

ಎಲ್ಲರೂ ಕ್ಯಾಲೆಂಡರು ನೋಡಿದರು.

“ನೇನು ಪಂದಿನಾ?” ಎಂದ ಕುರುಮಯ್ಯ. ನಾನು ಹಂದಿಯೇ ಎಂಬುದು ಆಘಾತದಲ್ಲಿ ತೆಲುಗಾಗಿ ಬಂದಿತ್ತು.

ಸಂತೆ ನಕ್ಕಿತು. ತಾಲೂಕಿನ ಮುಕ್ಕಾಲು ಪಾಲು ಜನರ ಮೈಮೇಲೆ ತಪ್ಪು ಪ್ರಾಣಿಗಳಿವೆಯೆಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಕುರುಮಯ್ಯನಿಗೆ. ಗಿರಣಿಯವನು, ನುಣ್ಣಗೆ ಬೀಸಬಲ್ಲವನು.

“ಮುನ್ಷಿಯವ್ರ, ತಮ್ಮದು ಯಾವ ತಿಂಗಳು?”

ಮಾರ್ಕಂಡೇಯ ಕ್ಯಾಲೆಂಡರಿನ ಕಡೆ ತಿರುಗಿದ. ಬೇಸಿಗೆಯಲ್ಲಿ, ಏಪ್ರಿಲ್ಲಿನ ಹತ್ತಿರ, ಖುರ್ದಾದ್ ತಿಂಗಳಲ್ಲಿ ಹುಟ್ಟಿದವನು ಅವನು. ಹುಲಿಯ ನಂತರ ಕ್ಯಾಲೆಂಡರಿನಲ್ಲಿ ಉದ್ದ ಕಿವಿಯ ಪ್ರಾಣಿಯೊಂದು ಕುಳಿತಿತ್ತು.

“ಖುರ್ದಾದ್,” ಎಂದ.

“ಮೊಲ,” ಎಂದಳು ಹಣಮಮ್ಮ. ಅವಳ ದನಿ ತಿಳಿಯಾಯಿತು. “ನಮ್ಮ ಹುಡುಗಿ ದೀಪಾವಳಿ ನೀರು ತುಂಬೋ ದಿನ ಹುಟ್ಯಾಳ, ಆಜೂರಿನ್ಯಾಗ. ಅಕಿ ಕುದುರೀನ. ಮೊಲಕ್ಕೂ ಕುದುರಿಗೂ ಆಗಿ ಬರಂಗಿಲ್ಲ. ಹಂದಿಗೂ ಕುದುರಿಗೂ ಜಗಳ ಅಂತ ಭೀಮಯ್ಯ ಎಲ್ಲೂ ಹೇಳಿಲ್ಲ. ಕುರುಮಯ್ಯಾ, ಕಾಯಿ ಈ ಕಡೆ ಕೊಡು.”

ಮಾರ್ಕಂಡೇಯ ಸುತ್ತೋಲೆಯನ್ನು ಮಡಚಿದ. ಇನ್ನೊಮ್ಮೆ ಮಡಚಿದ. ಅದು ತೀರ ಚಿಕ್ಕದಾಗಿ, ಇನ್ನು ಮಡಚಲು ಏನೂ ಉಳಿಯಲಿಲ್ಲ.

“ಮುನ್ಷಿಯವ್ರ, ಕೈ ಕೊಡ್ರಿ ಇಲ್ಲಿ,” ಎಂದಳು ಜಮ್ಮುಲಮ್ಮ.

ಕೊಟ್ಟ. ಅವಳು ಚೌಕಳಿ ಬಟ್ಟೆ ಬಿಚ್ಚಿದಳು. ಹುಲಿಯ ಮೇಲೆ ಹೆಬ್ಬೆರಳು ಒತ್ತಿ, ಬೆನ್ನಿನಿಂದ ಬಾಲದವರೆಗೆ ನಿಧಾನ ಸವರಿದಳು. ಸಂತೆಗೆ ಅದು ಪರೀಕ್ಷೆಯಂತೆ ಕಂಡಿತು. ಅವನಿಗೆ ಹಾಗೆ ಕಾಣಲಿಲ್ಲ.

“ಬೇಕೋ ಬ್ಯಾಡೋ?” ಎಂದು ಅವನೊಬ್ಬನಿಗೇ ಕೇಳುವಂತೆ ಕೇಳಿದಳು. “ಈಗಾದ್ರೂ ಹೇಳ್ರಿ. ಬರೀಬ್ಯಾಡ್ರಿ.”

“ಬೇಕು,” ಎಂದ ಮಾರ್ಕಂಡೇಯ.

ಅವಳು ಆ ಕೈಯನ್ನು ಹಾಗೆಯೇ ಎತ್ತಿ ಅಜ್ಜಿಯ ಮುಂದೆ ಹಿಡಿದಳು.

“ಇದೇನೈತಿ?”

“ಹುಲಿ,” ಎಂದಳು ಹಣಮಮ್ಮ. ತನ್ನದೇ ಮೊಮ್ಮಗಳ ಕೈಕೆಲಸ, ಇಲ್ಲವೆನ್ನುವಂತಿರಲಿಲ್ಲ. “ಆದ್ರ ಅಂವ ಹುಟ್ಟಿದ್ದು…”

“ಹುಟ್ಟಿದ್ದು ಯಾರು ಕೇಳ್ಯಾರ? ಯಾರ ಕೈಮ್ಯಾಲ ಮೊದಲು ಒಣಗತೈತೋ ಅಂದಿ. ತಾಯಿ ಮ್ಯಾಲ ಆಣಿ ಇಟ್ಟಿ, ಇಡೀ ಸಂತಿ ಕೇಳೇತಿ. ಒಣಗೈತಿ, ಮುಟ್ಟಿ ನೋಡು.”

“ತಪ್ಪು ಪ್ರಾಣಿ ಅದು.”

“ಹಂಗಾರ ಅಳಸು.”

ಅಳಿಸಲಾಗದ್ದು, ಸತ್ತರೂ ಸಂಗಾಟ ಬರುವ ಒಡವೆ ಇದೊಂದೇ ಎಂದು ಹಣಮಮ್ಮ ಅದೇ ಬೇವಿನ ಬುಡದಲ್ಲಿ ಕುಳಿತು ಮೂವತ್ತು ವರ್ಷ ಕೂಗಿದ್ದಳು. ಪಟೇಲ ಎಂಕಪ್ಪ ತೋಳಿನ ಹಣಮಪ್ಪನ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದ. ಭೀಮಯ್ಯ ಕೆಮ್ಮಿದ.

ಕುರುಮಯ್ಯ ತೆಂಗಿನಕಾಯಿಯನ್ನು ಮಾರ್ಕಂಡೇಯನ ಬಲಗೈಗೆ ಕೊಟ್ಟು, ಹಿಟ್ಟಿನ ಮೂಟೆಯನ್ನು ತಾನೇ ಬಂಡಿಗೆ ಹೊತ್ತು ಹಾಕಿದ. ಎಡಗೈಯನ್ನು ಜಮ್ಮುಲಮ್ಮ ಇನ್ನೂ ಬಿಟ್ಟಿರಲಿಲ್ಲ.

ಬಂಡಿ ಗದ್ವಾಲದ ದಾರಿ ಹಿಡಿದು ಸಣ್ಣದಾಗುವವರೆಗೂ ಹಣಮಮ್ಮ ನೋಡುತ್ತ ನಿಂತಿದ್ದಳು.

“ಒಣಗತೈತೋ ಅಂದೆ,” ಎಂದಳು ಕೊನೆಗೆ, ಕ್ಯಾಲೆಂಡರಿನ ಹಂದಿಗೆ. “ಹುಟ್ಟ್ಯಾನೋ ಅನ್ನಬೇಕಿತ್ತು.”